ಅದು ಸರಿ, ಓದ್ತಿರೋದು ಏನು?

ನಮ್ಮ ಮನೆಗೆ ಬಂದವರು ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳುತ್ತಿದ್ದ ಪ್ರಶ್ನೆ ಒಂದಿತ್ತು.

"ಮಗಳು ಈಗ ಏನು ಓದ್ತಿದಾಳೆ?"

"ಮೈಸೂರಲ್ಲಿ ಸಂಗೀತ."

"ಸಂಗೀತ, ಅದು ಸರಿ. ಓದ್ತಿರೋದು ಏನು?"

ಮೊದಮೊದಲು ನಾನು ವಿವರವಾಗಿ ಹೇಳುತ್ತಿದ್ದೆ. ಇದೂ ಬಿ.ಎ., ಬಿ.ಕಾಂ. ಇದ್ದ ಹಾಗೆಯೇ ಒಂದು ಪದವಿ, ಸೆಮಿಸ್ಟರ್ ಇದೆ, ಹಾಜರಾತಿ ಇದೆ, ಬರೆಯುವ ಪರೀಕ್ಷೆ ಇದೆ, ಹಾಡುವ ಪರೀಕ್ಷೆಯೂ ಇದೆ, ಕನ್ನಡ ಇಂಗ್ಲಿಷ್ ಪತ್ರಿಕೆಗಳನ್ನೂ ಪಾಸು ಮಾಡಬೇಕು ಎಂದೆಲ್ಲ. ಒಂದು ವಿಶ್ವವಿದ್ಯಾಲಯ ಬಿ.ಮ್ಯೂಸ್. ಎನ್ನುತ್ತದೆ, ಇನ್ನೊಂದು ಬಿ.ಪಿ.ಎ. ಎನ್ನುತ್ತದೆ. ಕೇಳಿದವರು ತಲೆಯಾಡಿಸಿ, "ಒಳ್ಳೇದಾಯ್ತು ಬಿಡಿ, ಮದುವೆ ಆಗೋವರೆಗೆ ಹೊತ್ತು ಹೋಗುತ್ತೆ" ಎನ್ನುತ್ತಿದ್ದರು. ಆಮೇಲಾಮೇಲೆ ವಿವರಿಸುವುದನ್ನು ಬಿಟ್ಟು, ಇನ್ನೊಂದು ಚಕ್ಕುಲಿ ಹಾಕಲೇ ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ.

ಈ ಪ್ರಶ್ನೆ ನನಗೆ ಹೊಸದೇನಲ್ಲ. 1986ರಲ್ಲಿ ನನ್ನ ತಂದೆಯೇ ಇದನ್ನು ನನಗೆ ಕೇಳಿದ್ದರು.

ಅರಸೀಕೆರೆಯ ನಮ್ಮ ಬೀದಿಯಲ್ಲಿ ಆಗ ಸಂಗೀತದ ಮೇಷ್ಟ್ರೊಬ್ಬರಿದ್ದರು. ಅವರ ಮನೆಯ ಹಜಾರದಲ್ಲಿ ಸಂಜೆ ಐದಕ್ಕೆ ನಾವು ಏಳೆಂಟು ಹುಡುಗಿಯರು ಕೂತು ಸರಳೆ ವರಸೆ ಹೇಳುತ್ತಿದ್ದೆವು. ಜೂನಿಯರ್ ಪರೀಕ್ಷೆ ಆಯಿತು, ಸೀನಿಯರ್ ಕೂಡ ಆಯಿತು. ಪಿ.ಯು.ಸಿ. ಮುಗಿದಾಗ ಮೇಷ್ಟ್ರು ಮೈಸೂರಿನಿಂದ ಒಂದು ಅರ್ಜಿ ತರಿಸಿಕೊಟ್ಟರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಸಂಗೀತವನ್ನೇ ಪದವಿಗೆ ಓದಬಹುದು ಎಂಬುದು ನನಗೆ ಅಂದೇ ಗೊತ್ತಾದದ್ದು. ಆ ಕಾಗದವನ್ನು ಎರಡು ದಿನ ದಿಂಬಿನ ಕೆಳಗಿಟ್ಟುಕೊಂಡು, ಮೂರನೆಯ ದಿನ ಅಪ್ಪನ ಮುಂದೆ ಇಟ್ಟೆ. ಅಪ್ಪನಿಗೆ ಕೊಬ್ಬರಿ ವ್ಯಾಪಾರ. ಕೆಟ್ಟವರೇನಲ್ಲ, ಹರಿಕಥೆ ಎಂದರೆ ರಾತ್ರಿಯಿಡೀ ಕೂರುವವರು. ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಹಾಡೋದು ಮನೇಲೂ ಹಾಡಬಹುದಲ್ಲಮ್ಮ. ಓದೋದು ಏನು?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ನೋಡಿದರೆ ಅರ್ಜಿಯ ಹಿಂಬದಿಯ ಖಾಲಿ ಜಾಗದಲ್ಲಿ ಅಪ್ಪ ಕೊಬ್ಬರಿಯ ಲೆಕ್ಕ ಬರೆದಿದ್ದರು. ಇಷ್ಟು ಮೂಟೆ, ಇಷ್ಟು ದರ, ಇಷ್ಟು ಬಾಕಿ.

ಆಗ ನನಗೆ ಸಿಟ್ಟು ಬಂತು ಎಂದರೆ ಸುಳ್ಳಾಗುತ್ತದೆ. ಕಾಗದ ದಂಡವಾಗಲಿಲ್ಲವಲ್ಲ ಎನ್ನಿಸಿತು, ಅಷ್ಟೆ. ಬಿ.ಎ. ಮಾಡಿದೆ, ಬಿ.ಎಡ್. ಮಾಡಿದೆ, ಹೆಣ್ಣು ನೋಡಲು ಬಂದವರ ಮುಂದೆ ಒಂದು ದೇವರನಾಮ ಹಾಡಿದೆ. ಅಲ್ಲಿಂದಾಚೆಗೆ ನಾನು ಹಾಡಿದ್ದು ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ಮಾತ್ರ. ಸಮಾಜ ವಿಜ್ಞಾನ ಪಾಠ ಮಾಡುವ ಟೀಚರಿಗೆ ಪ್ರಾರ್ಥನೆ ಹೇಳಿಕೊಡುವ ಕೆಲಸ ಹೇಗೆ ಬಂತೆಂದರೆ, ಉಳಿದವರು ಯಾರೂ ಒಪ್ಪಲಿಲ್ಲ.

ಪುಟ್ಟಿ 2018ರಲ್ಲಿ ಪಿ.ಯು.ಸಿ. ಮುಗಿಸಿದಳು. ಕಾಮರ್ಸ್‌ನಲ್ಲಿ ಒಳ್ಳೆಯ ಅಂಕ ಬಂದಿತ್ತು. ನಮ್ಮ ಮನೆಯವರು ಸಹಕಾರಿ ಬ್ಯಾಂಕಿನಲ್ಲಿ ಲೆಕ್ಕಿಗರು. ಮಗಳು ಬಿ.ಕಾಂ. ಮಾಡಿ ದೊಡ್ಡ ಬ್ಯಾಂಕಿನ ಪರೀಕ್ಷೆ ಬರೆಯಲಿ ಎಂಬುದು ಅವರ ಆಸೆ. ಸಂಗೀತದ ಮಾತು ಎತ್ತಿದವಳು ನಾನು. ಈಗ ನೆನೆದರೆ, ಪುಟ್ಟಿ ಎತ್ತುವ ಮೊದಲೇ ನಾನು ಎತ್ತಿದೆ. ಅವಳೂ ಎಂಟು ವರ್ಷದಿಂದ ಪಾಠ ಹೇಳಿಸಿಕೊಳ್ಳುತ್ತಿದ್ದಳು, ಗಂಟಲು ಚೆನ್ನಾಗಿತ್ತು, ಗಣಪತಿ ಪೆಂಡಾಲಿನಲ್ಲಿ ಹಾಡಿ ಸ್ಟೀಲ್ ಡಬ್ಬಿ ಬಹುಮಾನ ತಂದಿದ್ದಳು. "ಮೈಸೂರಲ್ಲಿ ಓದ್ತೀಯೇನೆ?" ಎಂದು ಕೇಳಿದ್ದಕ್ಕೆ "ಹೂಂ" ಎಂದಳು. ಆ "ಹೂಂ" ಎಷ್ಟು ದೊಡ್ಡದಿತ್ತು ಎಂದು ನಾನು ಅಳೆದು ನೋಡಲಿಲ್ಲ.

ಮೂರು ವಾರ ಮನೆಯಲ್ಲಿ ವಾದ ನಡೆಯಿತು. ನಮ್ಮ ಮನೆಯವರದು ಪಟ್ಟು: "ಗಂಗೂಬಾಯಿ ಹಾನಗಲ್ ಯಾವ ಡಿಗ್ರಿ ಮಾಡಿದ್ರು ಹೇಳು. ಪ್ರೈಮರಿ ಶಾಲೆ ದಾಟಿರಲಿಲ್ಲ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತರು. ಅಷ್ಟೆ." ನಾನು ಹೇಳಿದೆ, "ಅವರು ಯೂನಿವರ್ಸಿಟಿಗೆ ಹೋಗಲಿಲ್ಲ ಸರಿ. ಈಗ ಮೈಸೂರಲ್ಲಿ ಅವರ ಹೆಸರಿನದೇ ಒಂದು ಯೂನಿವರ್ಸಿಟಿ ಇದೆಯಲ್ಲ. ನಿಮ್ಮ ಮಗಳಿಗೆ ಕುಂದಗೋಳ ಯಾವುದು, ಸವಾಯಿ ಗಂಧರ್ವರು ಎಲ್ಲಿದ್ದಾರೆ, ಅದನ್ನಾದರೂ ಹೇಳಿ." ಅವರು ಪೇಪರ್ ಬಿಡಿಸಿಕೊಂಡು ಕೂತರು. ನಮ್ಮಲ್ಲಿ ಒಪ್ಪಿಗೆ ಎಂದರೆ ಹಾಗೆಯೇ.

ಕಾಲೇಜಿನ ಹೆಸರು ಇಲ್ಲಿ ಬೇಡ. ಪ್ರವೇಶದ ದಿನ ಒಳಗೆ ವರ್ಣ ಎರಡು ಕಾಲದಲ್ಲಿ ಹಾಡಿಸುತ್ತಿದ್ದರು. ಹೊರಗೆ ಬೆಂಚಿನ ಮೇಲೆ ಕೂತು ನಾನು ಸೆರಗಿನೊಳಗೆ ತಾಳ ಹಾಕುತ್ತಿದ್ದೆ. ಪಕ್ಕದಲ್ಲಿ ಬಿಳಿ ಪಂಚೆ ಉಟ್ಟು ಕೂತಿದ್ದವರೊಬ್ಬರು ಮೆಲ್ಲಗೆ, "ತಾಯಿ, ಎರಡನೇ ಕಾಲಕ್ಕೆ ಓಡ್ತಿದ್ದೀರಿ" ಎಂದರು. ಅವರು ವಾಲಗದವರು. ದೇವಸ್ಥಾನದಲ್ಲಿ, ಮದುವೆಗಳಲ್ಲಿ ನಾಗಸ್ವರ ನುಡಿಸುವ ಮನೆತನ. ಅವರ ಮಗಳೂ ಅಂದು ಒಳಗೆ ಹಾಡುತ್ತಿದ್ದಳು. ಆ ಹುಡುಗಿಯ ವಿಷಯ ಮುಂದೆ ಬರುತ್ತದೆ.

ಮೊದಲ ವರ್ಷ ಪುಟ್ಟಿಯ ಫೋನು ಬಂದರೆ ಹಬ್ಬ. ಒಂದು ದಿನ ಭರತನ ನಾಟ್ಯಶಾಸ್ತ್ರದ ಇಪ್ಪತ್ತೆರಡು ಶ್ರುತಿಗಳು. ಎರಡು ವೀಣೆ ಇಟ್ಟುಕೊಂಡು, ಒಂದರ ಶ್ರುತಿ ಹಾಗೇ ಇಟ್ಟು ಇನ್ನೊಂದನ್ನು ಇಳಿಸುತ್ತ ಹೋಗುವ ಲೆಕ್ಕವಂತೆ. ಇನ್ನೊಂದು ದಿನ ತಂಬೂರಿಗೆ ಜೀವಾಳಿ ಹಾಕುವುದು. ತಂತಿಯ ಕೆಳಗೆ ಕುದುರೆಯ ಮೇಲೆ ಒಂದು ದಾರದೆಳೆ ಇಟ್ಟು ಹಿಂದೆ ಮುಂದೆ ಸರಿಸುತ್ತ ಹೋದರೆ ಒಂದು ಜಾಗದಲ್ಲಿ ನಾದ ಇದ್ದಕ್ಕಿದ್ದಂತೆ ತುಂಬಿಕೊಳ್ಳುತ್ತದೆ. "ಅಮ್ಮ, ಒಂದು ದಾರ ಕಣಮ್ಮ, ಹೊಲಿಗೆ ದಾರ!" ಎಂದು ಕೂಗಿದಳು. ನಾನು ಒಲೆಯ ಮೇಲಿನ ಸಾರು ಮರೆತು ಕೇಳಿದೆ. ಸಾರು ಅಂದು ತಳ ಹಿಡಿಯಿತು.

2019ರ ಅಕ್ಟೋಬರಿನಲ್ಲಿ, ಮೂರನೆಯ ಸೆಮಿಸ್ಟರಿನ ನಡುವೆ, ಬೇರೆ ತರಹದ ಫೋನು ಬಂತು.

"ಅಮ್ಮ, ನನಗಿಂತ ಚೆನ್ನಾಗಿ ಹಾಡೋರು ಹದಿನಾರು ಜನ ಇದ್ದಾರೆ."

"ಇರಲಿ ಬಿಡೆ, ಅದಕ್ಕೇನು?"

"ನಾವಿರೋದೇ ಹತ್ತೊಂಬತ್ತು ಜನ."

ಟೀಚರ ಬುದ್ಧಿ ನೋಡಿ, ತಟ್ಟನೆ ಕಳೆದು ಲೆಕ್ಕ ಹಾಕಿದೆ. "ಮತ್ತೆ ಇನ್ನಿಬ್ಬರು?"

"ಒಬ್ಬಳು ಕ್ಲಾಸಿಗೇ ಬರಲ್ಲ. ಇನ್ನೊಬ್ಬಳಿಗೆ ಮದುವೆ ಗೊತ್ತಾಗಿದೆ, ಪ್ರಾಕ್ಟೀಸ್ ಬಿಟ್ಟಿದ್ದಾಳೆ."

ನಗು ಬಂತು. ಆದರೆ ಆ ಕಡೆಯಿಂದ ನಗು ಕೇಳಲಿಲ್ಲ. ಊರಿನಲ್ಲಿ ನೂರು ಮಕ್ಕಳಲ್ಲಿ ಒಬ್ಬಳೇ ಹಾಡುತ್ತಿದ್ದವಳು, ಹಾಡುವವರೇ ತುಂಬಿದ ಕೋಣೆಗೆ ಹೋದಾಗ ಏನಾಗುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಆ ಭಾನುವಾರ ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಹಿಡಿದು ಬೆಳಗಿನ ರೈಲು ಹತ್ತಿದೆ. ಹಾಸನ, ಹೊಳೆನರಸೀಪುರ, ಕೃಷ್ಣರಾಜನಗರ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲಿ ಪಾಠ ಬರೆದುಕೊಂಡೆ. ಇಪ್ಪತ್ತು ವರ್ಷಕ್ಕೂ ಮೇಲೆ ಪೋಷಕರ ಸಭೆಯಲ್ಲಿ ಎಷ್ಟೋ ತಾಯಂದಿರಿಗೆ ಬುದ್ಧಿ ಹೇಳಿದವಳು ನಾನು.

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಇಬ್ಬರೂ ಕೂತೆವು. ನಾನು ಸಿದ್ಧ ಮಾಡಿಕೊಂಡ ಪಾಠ ಶುರು ಮಾಡಿದೆ. ಸಾಧನೆ ಮಾಡಿದರೆ ಬರುತ್ತದೆ, ಬೆಳಗಿನ ನಾಲ್ಕಕ್ಕೆ ಎದ್ದು ಮಂದ್ರ ಸ್ಥಾಯಿ ಸಾಧನೆ ಮಾಡು, ಹಾಲಿಗೆ ಮೆಣಸು ಹಾಕಿ ಕುಡಿ. ಪುಟ್ಟಿ ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ನೀರಿನ ಕಡೆ ನೋಡುತ್ತ, "ಅಮ್ಮ, ಈ ಡಿಗ್ರಿ ನನ್ನದಾ, ನಿನ್ನದಾ?" ಎಂದಳು.

ಮಕ್ಕಳು ತರಗತಿಯಲ್ಲಿ ಉತ್ತರ ಗೊತ್ತಿಲ್ಲದಾಗ ಕಾಲ ಹೆಬ್ಬೆರಳಿನಿಂದ ನೆಲ ಕೆರೆಯುವುದನ್ನು ದಿನಾ ನೋಡುತ್ತೇನೆ. ಅಂದು ಚಪ್ಪಲಿಯಿಂದ ನಾನೂ ಹಾಗೇ ಮಾಡುತ್ತಿದ್ದೆ. ಕೊನೆಗೆ ಅರ್ಜಿಯ ಕಥೆ ಹೇಳಿದೆ. ಮೂಟೆ, ದರ, ಬಾಕಿ, ಎಲ್ಲ. ಮೂವತ್ತಮೂರು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ, ಅವಳಪ್ಪನಿಗೂ. ಹೇಳುವಾಗ ಗಂಟಲು ಕಟ್ಟಿತು. ಅವಳು ಮಿಠಾಯಿ ತಿನ್ನುವುದನ್ನು ನಿಲ್ಲಿಸಿ ಕೇಳಿದಳು.

"ಇದನ್ನ ಮೊದಲೇ ಹೇಳಬಾರದಾಗಿತ್ತಾ?"

"ಹೇಳಿದ್ರೆ?"

"ಬಿ.ಕಾಂ. ತಗೋತಿದ್ದೆ."

ನನಗೆ ತಕ್ಕ ಮಾತೇ. ನಾನು, "ಈಗಲೂ ಏನೂ ಹೋಗಿಲ್ಲ, ಬಿಟ್ಟು ಬಾ, ಅಪ್ಪನಿಗೆ ನಾನು ಹೇಳ್ತೀನಿ" ಎಂದೆ. ಬಾಯಿ ಹಾಗೆಂದಿತು. ಒಳಗೆ ಏನಿತ್ತೆಂದು ಬರೆಯಲು ನಾಚಿಕೆ. ಅವಳು ಬಿಡಬಾರದು ಎಂದೇ ಇತ್ತು.

ಅವಳು ಬಿಡಲಿಲ್ಲ. ನನ್ನ ಸಲುವಾಗಿ ಅಲ್ಲ. ಆ ಸೆಮಿಸ್ಟರಿನ ಶಾಸ್ತ್ರ ಪತ್ರಿಕೆಗೆ ವಾಲಗದವರ ಮಗಳಿಗೆ ಓದಿಸುವುದಾಗಿ ಮಾತು ಕೊಟ್ಟಿದ್ದಳಂತೆ. ಆ ಹುಡುಗಿ ಒಂದು ಎಳೆ ಕೇಳಿದರೆ ಸಾಕು, ರಾಗ ಹೇಳಿಬಿಡುತ್ತಿದ್ದಳು. ಹುಟ್ಟಿದಾಗಿನಿಂದ ಕಿವಿಯಲ್ಲಿ ನಾಗಸ್ವರ. ಆದರೆ 'ರಾಗ ಲಕ್ಷಣ ಬರೆಯಿರಿ' ಎಂದು ಪ್ರಶ್ನೆಪತ್ರಿಕೆಯಲ್ಲಿ ಬಂದರೆ ಮೂರು ಸಾಲು ಬರೆದು ಪೆನ್ನು ಇಡುತ್ತಿದ್ದಳು. ಗೊತ್ತಿರುವುದನ್ನು ಕಾಗದದ ಮೇಲೆ ಇಳಿಸುವುದು ಬೇರೆಯೇ ವಿದ್ಯೆ. ಪುಟ್ಟಿಗೆ ಅದು ಸುಲಭ. ಇವಳು ಅವಳಿಗೆ ಬರೆಯುವುದು ಕಲಿಸಿದರೆ, ಅವಳು ಇವಳಿಗೆ ಸ್ವರ ಹಾಕುವುದು ಕಲಿಸಿದಳು. ಹಾಸ್ಟೆಲಿನ ಮಹಡಿಯ ಮೇಲೆ, ಒಣಗಿಸಿದ ಬಟ್ಟೆಗಳ ನಡುವೆ. ಒಂದು ಸಲ ಹೋದಾಗ ಕಣ್ಣಾರೆ ಕಂಡೆ. ಖಂಡ ತ್ರಿಪುಟ ತಾಳದಲ್ಲಿ ಪಲ್ಲವಿ. ಒಂಬತ್ತು ಅಕ್ಷರದ ತಾಳವನ್ನು ಹಾಗೇ ನಡೆಸುತ್ತ ಸಾಲನ್ನು ಮಾತ್ರ ಎರಡರಷ್ಟು ವೇಗಕ್ಕೆ, ಮತ್ತೆ ನಾಲ್ಕರಷ್ಟಕ್ಕೆ ಏರಿಸಬೇಕು. ಪುಟ್ಟಿ ತಪ್ಪಿದಾಗಲೆಲ್ಲ ಆ ಹುಡುಗಿ ಅವಳ ತೊಡೆಯ ಮೇಲೆ ಫಟ್ಟನೆ ತಾಳ ಹೊಡೆಯುತ್ತಿದ್ದಳು. ನಮ್ಮ ಶಾಲೆಯಲ್ಲಿ ಹಾಗೆ ಹೊಡೆದರೆ ನೋಟಿಸು ಬರುತ್ತದೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು, ಪುಟ್ಟಿ ಮನೆಗೆ ಬಂದಳು. ಸಂಗೀತದ ಪದವಿಯನ್ನು ಮೊಬೈಲಿನಲ್ಲಿ ಓದುವ ಕಷ್ಟ ನೋಡಿದವರೇ ಬಲ್ಲರು. ಗುರುಗಳು ಅಲ್ಲಿ ತಾಳ ಹಾಕಿದರೆ ಇಲ್ಲಿಗೆ ತಡವಾಗಿ ಬರುತ್ತದೆ, ಇವಳು ಹಾಡಿದ್ದು ಅಲ್ಲಿಗೆ ಇನ್ನೂ ತಡ. ಇಬ್ಬರೂ ಸರಿಯಾಗಿಯೇ ಇದ್ದಾರೆ, ಸೇರುವುದು ಮಾತ್ರ ಇಲ್ಲ. ಇನ್ನೊಂದು ತಮಾಷೆ ಶ್ರುತಿಯದು. ಇವಳು ಶ್ರುತಿ ಪೆಟ್ಟಿಗೆ ಹಾಕಿಕೊಂಡು ಹಾಡುತ್ತಾಳೆ, ಆ ಕಡೆಯಿಂದ "ಶ್ರುತಿ ಎಲ್ಲಮ್ಮ?" ಎಂದು ಕೇಳುತ್ತಾರೆ. ಆಮೇಲೆ ತಿಳಿಯಿತು: ಒಂದೇ ಸಮನೆ ಬರುವ ಸದ್ದನ್ನು ಆ ಯಂತ್ರ ಫ್ಯಾನಿನ ಗದ್ದಲವೆಂದು ತಿಳಿದು ಅಳಿಸಿಹಾಕುತ್ತದಂತೆ! ಸಂಗೀತಕ್ಕೆ ಯಾವುದು ನೆಲವೋ ಅದೇ ಅದಕ್ಕೆ ಕಸ. ಕೊನೆಗೆ ಗುರುಗಳು ಪಾಠವನ್ನು ತಾವೇ ಹಾಡಿ ವಾಟ್ಸಾಪಿನಲ್ಲಿ ಕಳಿಸುವುದು, ಇವಳು ಹಾಡಿ ವಾಪಸು ಕಳಿಸುವುದು ಎಂದಾಯಿತು. ನಮ್ಮ ಮನೆಯವರು ಆ ತಿಂಗಳುಗಳಲ್ಲಿ ಪೇಪರ್ ಓದುವ ಜಾಗವನ್ನು ವರಾಂಡದಿಂದ ಅವಳ ಕೋಣೆಯ ಬಾಗಿಲಿಗೆ ಬದಲಾಯಿಸಿಕೊಂಡರು. ಯಾಕೆಂದು ಯಾರೂ ಕೇಳಲಿಲ್ಲ.

ನಾನು ಓದಿದ್ದು ಆಗಲೇ. ಶಾಲೆಯೂ ಮುಚ್ಚಿತ್ತು. ಪುಟ್ಟಿಯ ಶಾಸ್ತ್ರದ ಟಿಪ್ಪಣಿಗಳನ್ನು ಅಕ್ಕಿ ಆರಿಸುತ್ತ ಓದತೊಡಗಿದೆ. ಮಾಯಾಮಾಳವಗೌಳದಲ್ಲಿ ಸರಳೆ ವರಸೆಯನ್ನು ನಾನು ಎಷ್ಟು ಸಾವಿರ ಸಲ ಹೇಳಿದ್ದೇನೋ, ಮಕ್ಕಳಿಗೆ ಆ ರಾಗವೇ ಯಾಕೆ ಎಂದು ಒಂದು ದಿನವೂ ಕೇಳಿರಲಿಲ್ಲ. ಪುರಂದರದಾಸರು ಹಾಕಿಕೊಟ್ಟದ್ದು, ಆಯಿತು. ಪುಟ್ಟಿ ಒಂದು ಗೆರೆ ಎಳೆದು ತೋರಿಸಿದಳು. ಸ ದಿಂದ ಮ ವರೆಗಿನ ಮೆಟ್ಟಿಲುಗಳು ಹೇಗಿವೆಯೋ ಪ ದಿಂದ ಮೇಲಿನ ಸ ವರೆಗೆ ತದ್ವತ್ ಹಾಗೆಯೇ ಇವೆ. ಸ-ರಿ ಎಷ್ಟು ಹತ್ತಿರವೋ ಪ-ಧ ಅಷ್ಟೇ ಹತ್ತಿರ, ಗ-ಮ ಎಷ್ಟೋ ನಿ-ಸ ಅಷ್ಟೇ. ಮಗು ಅರ್ಧ ಕಲಿತರೆ ಇನ್ನರ್ಧ ಕಲಿತಂತೆಯೇ. ಆರಿಸುತ್ತಿದ್ದ ಅಕ್ಕಿಯ ಮೊರ ಕೆಳಗಿಟ್ಟು ಎರಡು ಸಲ ಹಾಡಿಕೊಂಡು ನೋಡಿದೆ. ಐವತ್ತರ ಆಚೆಗೆ ನನಗೆ ಗೊತ್ತಾದ ವಿಷಯ!

ಅಪ್ಪ ಬದುಕಿದ್ದರೆ ಹೇಳುತ್ತಿದ್ದೆ. ಹಾಡೋದು ಮನೆಯಲ್ಲೂ ಹಾಡಬಹುದು, ಓದೋದು ಇದು, ಎಂದು.

ಎಪ್ಪತ್ತೆರಡು ಮೇಳಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದಳು. ಹದಿನೇಳನೆಯ ಶತಮಾನದಲ್ಲಿ ತಂಜಾವೂರಿನ ಆಸ್ಥಾನದ ವೆಂಕಟಮಖಿ ಈ ಲೆಕ್ಕ ಹಾಕಿದಾಗ ಬಳಕೆಯಲ್ಲಿದ್ದ ಮೇಳಗಳು ಹತ್ತೊಂಬತ್ತೇ ಅಂತೆ, ಪುಟ್ಟಿಯ ತರಗತಿಯ ಹಾಗೆ. ಉಳಿದವು ಮುಂದೆ ಯಾರಾದರೂ ಹಾಡಿಯಾರು ಎಂದು ಬರೆದಿಟ್ಟ ಖಾಲಿ ಮನೆಗಳು. ಕನಕಾಂಗಿ ಮುಂತಾದ ಹೆಸರುಗಳು ಆಮೇಲೆ ಬಂದವು. ಆ ಹೆಸರುಗಳಲ್ಲೇ ರಾಗದ ಸಂಖ್ಯೆ ಅಡಗಿದೆ. ಕಟಪಯಾದಿ ಎಂಬ ಲೆಕ್ಕ: ಒಂದೊಂದು ಅಕ್ಷರಕ್ಕೆ ಒಂದೊಂದು ಅಂಕಿ, ಹೆಸರಿನ ಮೊದಲೆರಡು ಅಕ್ಷರದ ಅಂಕಿಗಳನ್ನು ತಿರುಗಿಸಿ ಓದಬೇಕು. ಮಾಯಾಮಾಳವಗೌಳದ ಮ ಐದು, ಯ ಒಂದು, ತಿರುಗಿಸಿದರೆ ಹದಿನೈದು. ಹದಿನೈದನೆಯ ಮೇಳ. ಮನೆಯವರ ಹೆಸರು, ಹಾಲಿನವಳ ಹೆಸರು, ಪಕ್ಕದ ಮನೆಯ ನಾಯಿಯ ಹೆಸರು ಎಲ್ಲಕ್ಕೂ ರಾಗ ಹುಡುಕಿದೆವು. ನನ್ನ ಹೆಸರು ಸುಜಾತ. ಸ ಏಳು, ಜ ಎಂಟು, ತಿರುಗಿಸಿದರೆ ಎಂಬತ್ತೇಳು.

"ಅಮ್ಮ, ನೀನು ಪಟ್ಟಿಯಲ್ಲೇ ಇಲ್ಲ" ಎಂದಳು ಪುಟ್ಟಿ. ಬಹಳ ದಿನಗಳ ಮೇಲೆ ಇಬ್ಬರೂ ಹೊಟ್ಟೆ ತುಂಬ ನಕ್ಕೆವು.

ಪದವಿ ಮುಗಿದಾಗ ಶಾಸ್ತ್ರದಲ್ಲಿ ಅವಳದು ತರಗತಿಗೇ ಹೆಚ್ಚಿನ ಅಂಕ, ಹಾಡುಗಾರಿಕೆಯಲ್ಲಿ ನಡುವಿನದು. ಅವಳು ಮುಗಿಸಿದ 2021ರಲ್ಲೇ ನಾಲ್ಕು ವರ್ಷದ ಪದವಿ ಎಂದು ಬಂತು, 2024ರಲ್ಲಿ ಅದು ಮತ್ತೆ ಮೂರಾಯಿತು. ಅದರ ರಗಳೆ ಇವಳಿಗೆ ತಟ್ಟಲಿಲ್ಲ. ಈಗ ಮೈಸೂರಿನಲ್ಲೇ ಇದ್ದಾಳೆ. ಒಂದು ಶಾಲೆಯಲ್ಲಿ ವಾರಕ್ಕೆ ಮೂರು ದಿನ ಸಂಗೀತ ಪಾಠ, ಸಂಜೆ ಬಾಡಿಗೆ ಮನೆಯ ಹಜಾರದಲ್ಲಿ ಹನ್ನೊಂದು ಮಕ್ಕಳು. ಸರಳೆ ವರಸೆ ಹೇಳಿಕೊಡುವಾಗ ಗೆರೆ ಎಳೆದು ಮೆಟ್ಟಿಲು ತೋರಿಸುತ್ತಾಳೆ. ಬರುವ ಹಣ ನನ್ನ ಮೊದಲ ಸಂಬಳಕ್ಕಿಂತ ಎಷ್ಟೋ ಹೆಚ್ಚು, ಅವಳಪ್ಪ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಕ್ಕಿಂತ ಎಷ್ಟೋ ಕಡಿಮೆ. ತಿಂಗಳ ಕೊನೆಗೆ ಒಮ್ಮೊಮ್ಮೆ ಅವರು ಗುಟ್ಟಾಗಿ ಹಣ ಕಳಿಸುತ್ತಾರೆ. ಆ ಗುಟ್ಟು ನನಗೂ ಅವಳಿಗೂ ಗೊತ್ತು.

ವಾಲಗದವರ ಮಗಳು ಕಛೇರಿ ಮಾಡುತ್ತಾಳೆ. ಒಂದು ರಾಮನವಮಿಗೆ ಅವಳದು ಹಾಡುಗಾರಿಕೆ ಎಂದು ಪುಟ್ಟಿ ಕರೆದಳು, ಹೋದೆವು. ಪರದೆ ಸರಿದಾಗ ಆ ಹುಡುಗಿ ನಡುವೆ ಕೂತಿದ್ದಳು, ಹಿಂದೆ ತಂಬೂರಿ ಹಿಡಿದು ನಮ್ಮ ಪುಟ್ಟಿ. ನನಗೆ ಹೊಟ್ಟೆಯಲ್ಲಿ ಏನೋ ಹಿಂಡಿದಂತಾಯಿತು. ಈ ವಯಸ್ಸಿನಲ್ಲಿ ಸುಳ್ಳು ಯಾಕೆ, ಅದು ಹೊಟ್ಟೆಕಿಚ್ಚೇ. ಮುಂದೆ ಕೂತಿರುವುದು ನನ್ನ ಮಗಳಾಗಬಾರದಿತ್ತೇ ಎಂದು. ಆಲಾಪನೆ ಶುರುವಾಗಿ ಹತ್ತು ನಿಮಿಷಕ್ಕೆ ಆ ಹುಡುಗಿ ಒಂದು ಕಡೆ ಮೇಲೇರಿ ನಿಂತಳು. ಪುಟ್ಟಿ ಕಣ್ಣು ಮುಚ್ಚಿ ನಕ್ಕಳು. ಅದು ಬರುತ್ತದೆಂದು ಅವಳಿಗೆ ಮೊದಲೇ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ನನ್ನ ಪಕ್ಕದಲ್ಲಿ ಅದೇ ಬಿಳಿ ಪಂಚೆಯವರು ಕೂತಿದ್ದರು. ಅಂದು ನಾನು ತಾಳ ಹಾಕುವ ಧೈರ್ಯ ಮಾಡಲಿಲ್ಲ.

ಹೋದ ವರ್ಷ ಜೂನಿನಲ್ಲಿ ಪುಟ್ಟಿ ರಜೆಗೆ ಬಂದವಳು ನನ್ನ ಜೊತೆ ಶಾಲೆಗೂ ಬಂದಳು. ಬೆಳಗಿನ ಪ್ರಾರ್ಥನೆ ಕೇಳಿದಳು. ಸಂಜೆ ಮನೆಯಲ್ಲಿ ಬಹಳ ಸಂಕೋಚದಿಂದ, "ಅಮ್ಮ, ಅದು ಮೋಹನ ರಾಗ ತಾನೇ?" ಎಂದು ಕೇಳಿದಳು.

"ಹೌದು ಕಣೆ."

"ಮೋಹನದಲ್ಲಿ ಮಧ್ಯಮ ಇಲ್ಲ. ನೀನು ಎರಡನೇ ಸಾಲಿನಲ್ಲಿ ಒಂದು ಮಧ್ಯಮ ಹಾಕ್ತೀಯ."

ಹಾಡಿ ನೋಡಿದೆ. ಹೌದು. ಗ ದಿಂದ ಪ ಗೆ ನೇರ ಹೋಗಬೇಕಾದವಳು ದಾರಿಯಲ್ಲಿ ಒಂದು ಕಡೆ ಕಾಲಿಟ್ಟು ಹೋಗುತ್ತಿದ್ದೇನೆ. ಇಪ್ಪತ್ತೆರಡು ವರ್ಷದಿಂದ. ಅವಳು ಶ್ರುತಿ ಹಾಕಿ ನನ್ನನ್ನು ಎದುರಿಗೆ ಕೂರಿಸಿಕೊಂಡು ಆ ಒಂದು ಸಾಲನ್ನು ಎಂಟು ಸಲ ಹೇಳಿಕೊಟ್ಟಳು. ಎಂಟನೆಯ ಸಲ ಬಂತು.

ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ನಿಂತು ಎರಡನೇ ಸಾಲನ್ನು ಸರಿಯಾಗಿ ಹಾಡಿದೆ. ಎದುರಿಗೆ ಮುನ್ನೂರು ಮಕ್ಕಳು ನಾನು ಕಲಿಸಿದ ಮಧ್ಯಮವನ್ನು ಸೇರಿಸಿಕೊಂಡು ಗಟ್ಟಿಯಾಗಿ ಹಾಡಿದರು. ಒಂದು ಕ್ಷಣ ಒಬ್ಬಳೇ ನಿಂತೆ. ಮೂರನೇ ಸಾಲಿಗೆ ಅವರನ್ನು ಸೇರಿಕೊಂಡೆ.